ಕೂತು ಆಚರಿಸಿದ ಆಗಸ್ಟ್

ಸ್ವಿಟ್ಜರ್ಲೆಂಡಿಗೆ ಹೋಗಿ ಬಂದವರನ್ನು ನಮ್ಮ ಕಡೆ ಎಲ್ಲರೂ ಕೇಳುವುದು ಹಿಮದ ಬೆಟ್ಟದ ಬಗ್ಗೆ. ನನ್ನನ್ನೂ ಕೇಳಿದರು. ಬೆಟ್ಟ ಇತ್ತು, ಹಿಮವೂ ಇತ್ತು. ನನ್ನ ತಂಗಿಯ ಅಡುಗೆಮನೆಯ ಕಿಟಕಿ ತೆರೆದರೆ ದೂರದಲ್ಲಿ ಕಾಣುತ್ತಿತ್ತು. ಆದರೆ ಆ ದೇಶದಲ್ಲಿ ಮೊದಲ ಕೆಲವು ವಾರ ನಾನು ಎಲ್ಲಕ್ಕಿಂತ ಹೆಚ್ಚಾಗಿ ನೋಡಿದ್ದು ನನ್ನ ಗಂಡನ ಅಂಗಿಯ ಎರಡನೇ ಗುಂಡಿಯನ್ನು. ಅವರು ಉಸಿರೆಳೆದಾಗ ಅದು ಮೇಲೇಳುತ್ತಿತ್ತು, ಬಿಟ್ಟಾಗ ಇಳಿಯುತ್ತಿತ್ತು. ರೈಲಿನಲ್ಲಿ, ನದಿಯ ದಂಡೆಯಲ್ಲಿ, ಊಟದ ಮೇಜಿನ ಎದುರು, ಎಲ್ಲೇ ಕೂತರೂ ನನ್ನ ಕಣ್ಣು ಆ ಗುಂಡಿಯ ಮೇಲೆ.

ಇದು ತೊಂಬತ್ತರ ದಶಕ ಮುಗಿಯುವ ಹೊತ್ತಿನ ಮಾತು. ಅಲ್ಲಿನವರಿಗೆ ಬೇಸಿಗೆ, ನಮಗೆ ಮಳೆಗಾಲ. ನಾನು ಅರಸೀಕೆರೆಯ ಅಂಚೆ ಕಚೇರಿಯಲ್ಲಿ ತಂತಿ ಕೆಲಸ ಮಾಡಿ, ಅವಧಿಗೆ ಮೊದಲೇ ನಿವೃತ್ತಿ ತೆಗೆದುಕೊಂಡಿದ್ದೆ. ಬಂದ ಸುದ್ದಿಗೆ ಒಂದು ಮಾತು ಸೇರಿಸದೆ, ಒಂದು ಮಾತು ಬಿಡದೆ ಬರೆದುಕೊಳ್ಳುವುದು ಆ ಕೆಲಸ. ಈ ಪ್ರವಾಸವನ್ನೂ ಹಾಗೆಯೇ ಬರೆಯಲು ನೋಡುತ್ತೇನೆ.

ಅರಸೀಕೆರೆ

ಹೊರಟ ಕಾರಣವನ್ನು ಮೊದಲು ಹೇಳಬೇಕು.

ನನ್ನ ಗಂಡ ರುದ್ರಪ್ಪ ಜಾವಗಲ್ ಕಡೆಯ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು. ಮಿಕ್ಕ ಮೇಷ್ಟ್ರುಗಳಿಗೆ ವರ್ಷವೆಂದರೆ ಪರೀಕ್ಷೆ. ಇವರಿಗೆ ವರ್ಷವೆಂದರೆ ಆಗಸ್ಟ್ ಹದಿನೈದು. ಜುಲೈ ಬಂತೆಂದರೆ ಮನೆಯಲ್ಲೂ ಸಿಡುಕು ಶುರು. ಮೈದಾನಕ್ಕೆ ಸುಣ್ಣದ ಗೆರೆ ತಾವೇ ಎಳೆಯುತ್ತಿದ್ದರು. ಬಾವುಟದೊಳಗೆ ಇಡುವ ಹೂವಿನ ಎಸಳನ್ನು ನಮ್ಮ ಹಿತ್ತಿಲಿನಿಂದ ತಾವೇ ಬಿಡಿಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿಕೊಂಡು ಮೊದಲ ಬಸ್ಸಿಗೆ ಹೋಗುತ್ತಿದ್ದರು.

ಸ್ವಾತಂತ್ರ್ಯ ದಿನದಂದು ಯಾವ ಶಾಲೆಯಲ್ಲಾದರೂ ಭಾಷಣ ಮುಗಿಯುವಷ್ಟರಲ್ಲಿ ಒಂದಿಬ್ಬರು ಮಕ್ಕಳು ತಲೆಸುತ್ತಿ ಬೀಳುತ್ತಾರೆ. ಇವರ ಶಾಲೆಯಲ್ಲಿ ಬೀಳುತ್ತಿರಲಿಲ್ಲ. ಅದು ಇವರ ಹೆಮ್ಮೆ. ಹಿಂದಿನ ದಿನವೇ ಮಕ್ಕಳನ್ನು ಗದರಿಸಿ ಕಳಿಸುತ್ತಿದ್ದರು: "ಬೆಳಿಗ್ಗೆ ಹೊಟ್ಟೆಗೆ ಹಾಕ್ಕೊಂಡು ಬನ್ರಲಾ. ಬಿದ್ದೋನು ತಾನೊಬ್ನೇ ಬೀಳಲ್ಲ, ಇಡೀ ಸಾಲಿನ ಮರ್ಯಾದೆ ಬೀಳಿಸ್ತಾನೆ." ಬೆಳಿಗ್ಗೆ ಬಂದವರ ಅಂಗೈಗೆ ಒಂದೊಂದು ಚೂರು ಬೆಲ್ಲ ಹಾಕುತ್ತಿದ್ದರು.

ನಾವು ಹೊರಡುವ ಹಿಂದಿನ ವರ್ಷದ ಆಗಸ್ಟ್ ಹದಿನೈದರಂದು ನಾನೂ ಮೈದಾನದಲ್ಲಿದ್ದೆ. ಮುಖ್ಯ ಅತಿಥಿಗಳು ಮಾತಾಡುತ್ತಿದ್ದರು. ಬಿಸಿಲು ಏರಿತ್ತು. ಮಕ್ಕಳು ಸಾವಧಾನದಲ್ಲಿ ನಿಂತಿದ್ದರು, ಇವರು ಅವರ ಮುಂದೆ ನಿಂತಿದ್ದರು. ಮೊದಲು ಇವರ ಬೆರಳುಗಳ ನಡುವಿನಿಂದ ವಿಷಲ್ ಜಾರಿತು. ದಾರಕ್ಕೆ ಕಟ್ಟಿದ್ದರಿಂದ ಕೆಳಗೆ ಬೀಳಲಿಲ್ಲ, ಎದೆಯ ಮೇಲೆ ತೂಗಾಡಿತು. ಆಮೇಲೆ ಇವರು ಬಿದ್ದರು. ಮಂಡಿ ಮಡಿಸಲಿಲ್ಲ, ಕೈ ಊರಲಿಲ್ಲ. ನೆಟ್ಟಿದ್ದ ಕಂಬ ಉರುಳಿದ ಹಾಗೆ, ತಾವೇ ಎಳೆದ ಸುಣ್ಣದ ಗೆರೆಯ ಮೇಲೆ.

ದೊಡ್ಡವರು ಓಡಿದೆವು. ಓಡುವಾಗ ನಾನು ಕಂಡದ್ದು ಇನ್ನೊಂದಿದೆ. ಅದನ್ನು ಆಗ ಯಾರಿಗೂ ಹೇಳಲಿಲ್ಲ, ಇವರಿಗೂ ಹೇಳಲಿಲ್ಲ. ಮುಂದೆ ಹೇಳುತ್ತೇನೆ.

ಮೈಸೂರಿನ ಡಾಕ್ಟರು ಹೃದಯದ ತೊಂದರೆ ಎಂದರು. ಮಾತ್ರೆ ಕೊಟ್ಟರು, ನಡೆಯಲು ಹೇಳಿದರು, ಬಿಸಿಲಲ್ಲಿ ನಿಲ್ಲಕೂಡದು ಎಂದರು. ಇವರು ಎಲ್ಲಕ್ಕೂ ತಲೆಯಾಡಿಸಿದರು. ಮನೆಗೆ ಬಂದ ಮೇಲೆ ಗೋಡೆ ನೋಡುತ್ತಾ ಕೂತುಬಿಟ್ಟರು. ನೋಡಲು ಬಂದವರು "ಏನ್ ಮೇಷ್ಟ್ರೇ, ಹುಡುಗ್ರು ಬೀಳಬಾರ್ದು ಅಂತ ನೀವೇ ಬಿದ್ದುಬಿಟ್ರಾ?" ಎಂದು ನಗಿಸಲು ನೋಡಿದರೆ ಎದ್ದು ಹಿತ್ತಿಲಿಗೆ ಹೋಗುತ್ತಿದ್ದರು.

ಆಗ ಫೋನ್ ಮಾಡಿದ್ದು ನನ್ನ ತಂಗಿ ಶಾಂತ. ಹಾಸನದಲ್ಲಿ ನರ್ಸ್ ತರಬೇತಿ ಮುಗಿಸಿ, ಚಿಕ್ಕ ವಯಸ್ಸಿನಲ್ಲೇ ಸ್ವಿಟ್ಜರ್ಲೆಂಡಿನ ಆಸ್ಪತ್ರೆಯೊಂದಕ್ಕೆ ಹೋಗಿ ಅಲ್ಲೇ ಉಳಿದವಳು. ಮದುವೆಯಾಗಲಿಲ್ಲ. "ಭಾವನ್ನ ಇಲ್ಲಿಗೆ ಕರ್ಕೊಂಡು ಬಾ ಅಕ್ಕ. ಇಲ್ಲಿ ಸುಮ್ನೆ ಕೂರೋದು ಹೇಗೆ ಅಂತ ಕಲಿಸಿ ಕಳಿಸ್ತೀನಿ" ಎಂದಳು.

ಇವರು ರಜೆ ಹಾಕಿ ಬರಲು ಒಪ್ಪಿದರು, ಒಂದು ಷರತ್ತಿನ ಮೇಲೆ. "ಆಗಸ್ಟ್ ಹದಿನೈದಕ್ಕೆ ನಾನು ಮೈದಾನದಲ್ಲಿರಬೇಕು. ಇದೇ ಕೊನೇ ವರ್ಷ. ಬಿದ್ದ ಜಾಗದಲ್ಲೇ ಒಂದ್ಸಲ ನೆಟ್ಟಗೆ ನಿಂತು ರಿಟೈರ್ ಆಗ್ತೀನಿ."

ನಿಲ್ಲುತ್ತಾರೆಂದು ನನಗೆ ಗೊತ್ತಿತ್ತು. ಅದೇ ನನ್ನ ಭಯ.

ಬರ್ನ್

ಶಾಂತಳ ಮನೆ ಬರ್ನ್ ನಗರದಲ್ಲಿ, ಒಂದು ದೊಡ್ಡ ಕಟ್ಟಡದ ಮೂರನೇ ಮಹಡಿಯಲ್ಲಿ. ಅರಸೀಕೆರೆಯಿಂದ ಹೋಗುವವರು ತೆಂಗಿನಕಾಯಿ ಒಯ್ಯದೆ ಇರುತ್ತಾರೆಯೇ? ಪೆಟ್ಟಿಗೆಯಲ್ಲಿ ಎರಡು ಕಾಯಿ ಇದ್ದವು. ವಿಮಾನ ನಿಲ್ದಾಣದ ಅಧಿಕಾರಿ ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಒಳಗೆ ನೀರು ಕುಲುಕಿದ ಸದ್ದಿಗೆ ಅವನ ಹುಬ್ಬು ಮೇಲೇರಿತು. ಇನ್ನೊಬ್ಬನನ್ನು ಕರೆದು ಅವನ ಕಿವಿಗೂ ಹಿಡಿದ. ಇಬ್ಬರೂ ನಕ್ಕು, ಮಗುವನ್ನು ಮಲಗಿಸುವಷ್ಟು ಜೋಪಾನವಾಗಿ ಪೆಟ್ಟಿಗೆಯಲ್ಲಿಟ್ಟು ಕಳಿಸಿದರು.

ನಾವು ಹೋದ ಮರುದಿನ ಭಾನುವಾರ. ಶಾಂತ ಆಸ್ಪತ್ರೆಗೆ ಹೋಗಿದ್ದಳು. ಚಟ್ನಿಗೆಂದು ಇವರು ಕಾಯಿ ಒಡೆಯಲು ಹೊರಟರು. ಮನೆಯಲ್ಲಿ ಕಲ್ಲಿಲ್ಲ, ಕತ್ತಿಯಿಲ್ಲ. ಕೆಳಗಿಳಿದು ಕಟ್ಟಡದ ಕಲ್ಲಿನ ಮೆಟ್ಟಿಲ ಅಂಚಿಗೆ ಒಂದು ಏಟು ಹಾಕಿದರು. ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಆ ಮೌನದಲ್ಲಿ ಅದು ಸಿಡಿಗುಂಡಿನ ಹಾಗೆ ಕೇಳಿಸಿತು. ಒಂದೊಂದಾಗಿ ಕಿಟಕಿಗಳು ತೆರೆದವು. ಒಬ್ಬ ಹಿರಿಯರು ಸೂಟು ತೊಟ್ಟುಕೊಂಡೇ ಇಳಿದುಬಂದು, ತುಟಿಯ ಮೇಲೆ ಬೆರಳಿಟ್ಟು, ಕ್ಯಾಲೆಂಡರಿನ ಭಾನುವಾರದ ಹಾಳೆಯನ್ನು ತೋರಿಸಿದರು. ಇವರು ಗೌರವದಿಂದ ಅರ್ಧ ಹೋಳನ್ನು ಅವರ ಕೈಗೆ ಕೊಟ್ಟರು. ಅವರಿಗೆ ಅದನ್ನು ಹಿಡಿಯುವುದೋ ಬಿಡುವುದೋ ತಿಳಿಯಲಿಲ್ಲ.

ಸಂಜೆ ಶಾಂತ ಬಂದು ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡಳು. "ಭಾವ, ಇಲ್ಲಿ ಭಾನುವಾರ ಸದ್ದು ಮಾಡೋ ಹಾಗಿಲ್ಲ. ಬಟ್ಟೆ ಒಗೆಯೋ ಹಾಗಿಲ್ಲ, ಮೊಳೆ ಹೊಡೆಯೋ ಹಾಗಿಲ್ಲ. ರೆಸ್ಟ್ ತಗೋಬೇಕು, ಅಷ್ಟೇ."

"ತಗೊಳ್ದೆ ಇದ್ರೆ?"

"ಪಕ್ಕದ್ಮನೆಯೋರು ಬರ್ತಾರೆ, ನೋಡಿದ್ರಲ್ಲ."

ಇವರು ಬಹಳ ಹೊತ್ತು ಯೋಚಿಸಿದರು. "ಕೂರೋದಕ್ಕೂ ಶಿಸ್ತು ಇಟ್ಟವ್ರೆ ಕಣೇ" ಎಂದು ನನಗೆ ಹೇಳಿದರು. ಆ ದೇಶದ ಬಗ್ಗೆ ಇವರು ಮೆಚ್ಚಿ ಆಡಿದ ಮೊದಲ ಮಾತು ಅದು. ಮುಂದಿನ ಭಾನುವಾರ ಬೆಳಗಿನಿಂದ ಸಂಜೆಯವರೆಗೆ ಬಾಲ್ಕನಿಯ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು, ಡ್ಯೂಟಿ ಮಾಡುವವರ ಹಾಗೆ ಕೂತರು. ಅದು ವಿಶ್ರಾಂತಿಯಲ್ಲ. ಗುಂಡಿ ನೋಡುತ್ತಿದ್ದ ನನಗೆ ಗೊತ್ತಾಗುತ್ತಿತ್ತು.

ಜುಲೈ ಮುಗಿಯುತ್ತಾ ಬಂದಾಗ ಇವರು ಬೆಳಿಗ್ಗೆ ಬಾತ್‌ರೂಮಿನಲ್ಲಿ, ಸಣ್ಣ ದನಿಯಲ್ಲಿ, ಕಮಾಂಡ್ ಹೇಳಿ ನೋಡಿಕೊಳ್ಳುವುದು ಕೇಳಿಸತೊಡಗಿತು. ನಾನು ಶಾಂತಳ ಹತ್ತಿರ ಅತ್ತೆ. ಅವಳು ನರ್ಸಿನ ದನಿಯಲ್ಲೇ ಮಾತಾಡಿದಳು. "ಟಿಕೆಟ್ ಮುಂದಕ್ಕೆ ಹಾಕಿಸ್ತೀನಿ. ಸೆಪ್ಟೆಂಬರಿಗೆ ಹೋಗಿ. ಏರ್‌ಲೈನ್ಸೋರೇ ಬದಲಾಯಿಸಿದ್ರು ಅಂತ ಭಾವಂಗೆ ಹೇಳಿದ್ರಾಯ್ತು. ಆಗಸ್ಟ್ ಎರಡಕ್ಕೆ ಆಫೀಸು ತೆಗೀತದೆ. ಅಷ್ಟರಲ್ಲಿ ನೀನು ಹೂಂ ಅಥವಾ ಉಹೂಂ ಹೇಳು."

ಸುಳ್ಳು ಹೇಳಿ ಉಳಿಸಿಕೊಳ್ಳಬೇಕು, ಇಲ್ಲವೇ ಸುಳ್ಳಾಡದೆ ಮೈದಾನಕ್ಕೆ ಬಿಟ್ಟು ಕಳೆದುಕೊಳ್ಳಬೇಕು. ನನಗೆ ಆಗ ಹಾಗೆ ಕಾಣುತ್ತಿತ್ತು.

ಎಮ್ಮೆಂಟಾಲ್, ಬೆಳಿಗ್ಗೆ

ಆಗಸ್ಟ್ ಒಂದು ಅವರ ರಾಷ್ಟ್ರೀಯ ಹಬ್ಬ. ನಮ್ಮನ್ನು ಶಾಂತ ಎಮ್ಮೆಂಟಾಲ್ ಎಂಬ ಗುಡ್ಡಗಾಡಿನ ಒಂದು ಹಳ್ಳಿಗೆ ಕರೆದುಕೊಂಡು ಹೋದಳು. ಬಸ್ಸಿನ ಕಿಟಕಿಯಿಂದ ಇವರು ಹೊರಗೆ ನೋಡಿದ್ದೇ ನೋಡಿದ್ದು. "ಎಮ್ಮೆ ಅಂತ ಹೆಸರಿಟ್ಕೊಂಡವ್ರೆ, ಎಲ್ನೋಡಿದ್ರೂ ಬರೀ ಹಸುವೇ" ಎಂದರು.

ಅವಳ ಆಸ್ಪತ್ರೆಯಲ್ಲಿ ಹಿಂದೊಮ್ಮೆ ರೋಗಿಯಾಗಿದ್ದ ವೆರೇನಾ ಎಂಬ ರೈತ ಅಜ್ಜಿಯ ಮನೆಗೆ. ಮರದ ದೊಡ್ಡ ಮನೆ, ಸೂರು ನೆಲದ ಹತ್ತಿರದವರೆಗೆ ಇಳಿದಿತ್ತು, ಕಿಟಕಿಗಳ ತುಂಬ ಕೆಂಪು ಹೂವಿನ ಕುಂಡ. ಆ ದಿನ ರೈತರು ದನದ ಹಟ್ಟಿಯನ್ನು ತೊಳೆದು, ಉದ್ದ ಮೇಜು ಹಾಕಿ, ಪೇಟೆಯವರಿಗೂ ನೆಂಟರಿಗೂ ಬೆಳಗಿನ ತಿಂಡಿ ಬಡಿಸುತ್ತಾರೆ. ತಿನ್ನುತ್ತಾ, ಹರಟುತ್ತಾ ಮಧ್ಯಾಹ್ನದವರೆಗೆ ಕೂರುವುದೇ ಹಬ್ಬ. ಹೆಣ್ಣುಮಕ್ಕಳ ಜಡೆಯಂತೆ ಹೆಣೆದ ಬ್ರೆಡ್ಡು, ತುರಿದು ಹುರಿದ ಆಲೂಗಡ್ಡೆ, ಮೊಸರು, ಗಾಲಿಯಷ್ಟು ದೊಡ್ಡ ಚೀಸು. ನಮ್ಮಂಥ ಸಸ್ಯಾಹಾರಿಗಳಿಗೂ ಧಾರಾಳವಾಗಿತ್ತು.

ಇವರು ಹಬ್ಬವೆಂದು ಬಿಳಿ ಪ್ಯಾಂಟು, ಬಿಳಿ ಶರ್ಟು, ಬಿಳಿ ಕ್ಯಾನ್ವಾಸ್ ಶೂ ಹಾಕಿದ್ದರು. ಕೂರಲೇ ಇಲ್ಲ. "ಧ್ವಜಾರೋಹಣ ಎಷ್ಟು ಗಂಟೆಗೆ?" ಎಂದು ಶಾಂತಳನ್ನು ಕೇಳಿದರು.

"ಅದೋ, ಆಗಲೇ ಹಾರ್ತಾ ಇದೆಯಲ್ಲ ಭಾವ." ಹಟ್ಟಿಯ ಸೂರಿನಲ್ಲಿ ಕೆಂಪು ಬಾವುಟ, ನಡುವೆ ಬಿಳಿಯ ಅಡ್ಡಗೆರೆ ಉದ್ದಗೆರೆ.

"ಯಾರು ಹಾರಿಸಿದ್ರು?"

"ಯಾರೋ. ಬೆಳಿಗ್ಗೆ ಹಾಲು ಕರೆಯೋಕೆ ಎದ್ದೋರು."

ಇವರ ಮುಖ ನೋಡುವ ಹಾಗಿತ್ತು. ಅಷ್ಟರಲ್ಲಿ ಇವರ ತಟ್ಟೆಗೆ ಒಂದು ದುಂಡು ಬನ್ನು ಬಂತು. ನೆತ್ತಿಗೆ ಕಡ್ಡಿ ಚುಚ್ಚಿ ಪುಟ್ಟ ಬಾವುಟ. ಬನ್ನಿನ ಪಕ್ಕ ಕೈ ಒರೆಸಿಕೊಳ್ಳುವ ಕಾಗದ. ಅದರ ಮೇಲೂ ಬಾವುಟವೇ. ಎದುರಿಗಿದ್ದ ದಪ್ಪ ಮನುಷ್ಯ ಅಂಥದ್ದೇ ಕಾಗದದಲ್ಲಿ ಮೀಸೆಗೆ ಮೆತ್ತಿದ್ದ ಬೆಣ್ಣೆ ಒರೆಸಿಕೊಂಡು, ಉಂಡೆ ಮಾಡಿ, ತಟ್ಟೆಯ ಬದಿಗೆ ಎಸೆದ. ಇವರು ಕಣ್ಣು ಮುಚ್ಚಿಕೊಂಡರು.

ವಾದ್ಯದವರು ಮೂವರು ಏನೋ ನುಡಿಸತೊಡಗಿದರು. "ಇದೇ ಇವರ ರಾಷ್ಟ್ರಗೀತೆ" ಎಂದಳು ಶಾಂತ. ತಟ್ಟನೆ ಇವರು ಸಾವಧಾನಕ್ಕೆ ಬಂದರು. ಕೈಯಲ್ಲಿ ಆಲೂಗಡ್ಡೆಯ ತಟ್ಟೆ ಇದ್ದದ್ದು ಇದ್ದ ಹಾಗೆಯೇ. ಕೆಲವರು ಎದ್ದರು, ಕೆಲವರು ಕೂತೇ ಹಾಡಿದರು, ಒಬ್ಬಳು ಮಗುವಿಗೆ ಮೊಸರು ಉಣ್ಣಿಸುತ್ತಾ ಹಾಡಿದಳು. ಆ ಮನೆಯ ನಾಯಿ ಬಂದು ಇವರ ಶೂ ಪಕ್ಕ ಕೂತು, ತಟ್ಟೆಯನ್ನೇ ನೋಡಿತು. ಅಲ್ಲಿ ನೆಟ್ಟಗೆ ಇದ್ದವರು ಅವರಿಬ್ಬರೇ.

ಹಾಡು ನಿಂತ ಮೇಲೆ ಗಾಳಿ ಎದ್ದಿತು. ಮೇಜಿನ ಮೇಲಿನ ಕಾಗದದ ಬಾವುಟಗಳು ಹಾರಿ ಹುಲ್ಲಿನ ಮೇಲೆಲ್ಲ ಚೆಲ್ಲಿದವು. ಮಕ್ಕಳು ಅವನ್ನು ತುಳಿದುಕೊಂಡು ಆಡುತ್ತಿದ್ದರು. ಇವರು ತಟ್ಟೆ ಇಟ್ಟು, ಬಗ್ಗಿ, ಒಂದನ್ನು ಎತ್ತಿಕೊಂಡರು. ಆಮೇಲೆ ಇನ್ನೊಂದು.

ಇದು ನನಗೆ ಗೊತ್ತಿದ್ದ ಬಗ್ಗುವಿಕೆ. ಪ್ರತಿ ಆಗಸ್ಟ್ ಹದಿನೈದರ ಮಧ್ಯಾಹ್ನ, ಮಕ್ಕಳು ಚಾಕಲೇಟು ತಿಂದು ಮನೆಗೆ ಹೋದ ಮೇಲೆ, ಮೈದಾನದಿಂದ ಬಸ್ ಸ್ಟ್ಯಾಂಡಿನವರೆಗೆ ಬಿದ್ದ ಕಾಗದದ ಬಾವುಟಗಳನ್ನು ಇವರೊಬ್ಬರೇ ಆರಿಸುತ್ತಾ ಹೋಗುತ್ತಿದ್ದರು. ಚರಂಡಿಯಲ್ಲಿದ್ದರೂ ಬಿಡುತ್ತಿರಲಿಲ್ಲ. ಮಣ್ಣು ಕೊಡವಿ, ನಾಲ್ಕಾಗಿ ಮಡಿಸಿ, ಶಾಲೆಯ ಹಿಂದೆ ಯಾರೂ ಇಲ್ಲದಾಗ ಬೆಂಕಿಗೆ ಹಾಕುತ್ತಿದ್ದರು. ಹರಿದ ಬಾವುಟಕ್ಕೆ ಅದೇ ಮರ್ಯಾದೆ ಎನ್ನುತ್ತಿದ್ದರು.

"ರೀ, ಬಗ್ಗಬೇಡಿ. ಅದು ಕೈ ಒರೆಸೋ ಕಾಗದ."

"ಬಾವುಟ ಕಣೇ."

"ನಮ್ದಲ್ಲವಲ್ಲ."

"ಯಾರ್ದಾದ್ರೇನು?"

ನಾನು ಹಿಂದೆಯೇ ಹೋದೆ. ಗುಂಡಿ ಕಾಣುತ್ತಿರಲಿಲ್ಲ, ಬೆನ್ನು ಮಾತ್ರ ಕಾಣುತ್ತಿತ್ತು. ಇಳಿಜಾರಿನ ತುದಿಯಲ್ಲಿ ಒಂದನ್ನು ಎತ್ತಿ ಮೇಲೆದ್ದವರು ಹಾಗೇ ನಿಂತರು. ಮುಖ ಬಿಳಿಚಿತು. ಆಮೇಲೆ ಮೆಲ್ಲಗೆ ಹುಲ್ಲಿನ ಮೇಲೆ ಕೂತುಬಿಟ್ಟರು.

ನಾನು ಕೂಗಿದೆನೋ ಇಲ್ಲವೋ ನೆನಪಿಲ್ಲ. ನೆನಪಿರುವುದು ಇಷ್ಟು: ಇಡೀ ಹಬ್ಬ ನಮ್ಮ ಕಡೆಗೆ ಓಡಿಬಂತು. ಶಾಂತ ಓಡಿಬಂದಳು, ಅದು ಸರಿ. ಆದರೆ ಆಡುತ್ತಿದ್ದ ಮಕ್ಕಳೂ ಓಡಿಬಂದರು, ಮೀಸೆಯ ಮನುಷ್ಯ ಬನ್ನು ಹಿಡಿದೇ ಬಂದ, ಮೊಸರು ಉಣ್ಣಿಸುತ್ತಿದ್ದವಳು ಚಮಚದ ಸಮೇತ ಬಂದಳು, ವಾದ್ಯದವರು ಬಂದರು, ನಾಯಿ ಬಂತು. ಒಂದು ಹುಡುಗಿ ಇವರ ಎರಡೂ ಕೆನ್ನೆ ಹಿಡಿದು ಮುಖ ನೋಡಿದಳು. ವೆರೇನಾ ಅಜ್ಜಿ ಕೋಲೂರಿಕೊಂಡು ಎಲ್ಲರಿಗಿಂತ ಕೊನೆಗೆ ಬಂದು, ಪಕ್ಕದಲ್ಲೇ ಹುಲ್ಲಿನ ಮೇಲೆ ಕೂತು ಇವರ ಮಣಿಕಟ್ಟು ಹಿಡಿದುಕೊಂಡರು.

ಶಾಂತ ನಾಡಿ ನೋಡಿದಳು. "ಏನಿಲ್ಲ ಅಕ್ಕ, ತಲೆಸುತ್ತು. ಬಗ್ಗಿ ಬಗ್ಗಿ ಎದ್ರಲ್ಲ, ಅದಕ್ಕೆ. ನೀರು ಕೊಡು."

ಅಜ್ಜಿ ಇವರ ಮುಷ್ಟಿಯಲ್ಲಿದ್ದ ಕಾಗದಗಳನ್ನು ನೋಡಿ ಶಾಂತಳನ್ನು ಏನೋ ಕೇಳಿದರು. ಶಾಂತ ಅವರ ಭಾಷೆಯಲ್ಲಿ ವಿವರಿಸಿದಳು. ಮೀಸೆಯ ಮನುಷ್ಯ ತನ್ನ ಕೈಯಲ್ಲಿದ್ದ ಕಾಗದವನ್ನು ತಿರುಗಿಸಿ ನೋಡಿಕೊಂಡ. ಅಜ್ಜಿ ಹೇಳಿದ್ದನ್ನು ಶಾಂತ ನಮ್ಮೂರ ಮಾತಿನಲ್ಲೇ ಹೇಳಿದಳು: "ಇಷ್ಟು ವರ್ಷ ಬಾಯಿ ಒರೆಸ್ಕೊಂಡೆ, ಒಂದಿನಾನೂ ಹಂಗೆ ಕಂಡಿರ್ಲಿಲ್ಲ ಅಂತಾರೆ. ಆಮೇಲೆ... ಭಾವ, ಬೇಜಾರು ಮಾಡ್ಕೋಬೇಡಿ..."

"ಹೇಳು."

"ನಿಮ್ಮ ದೇಶದಲ್ಲಿ ಬಿದ್ದಿದ್ದನ್ನ ಎತ್ತೋಕೆ ನೀವೊಬ್ಬರೇ ಇರೋದಾ ಅಂತ ಕೇಳ್ತಾರೆ."

ಇವರು ಮುಷ್ಟಿ ಬಿಚ್ಚಿ ಕಾಗದಗಳನ್ನು ನೋಡಿಕೊಂಡರು.

ಅಂಗಳದಲ್ಲಿ ಒಂದು ದೊಡ್ಡ ಮರ. ಹೆಸರು ತಿಳಿಯದು, ನೆರಳು ಮಾತ್ರ ನಮ್ಮ ಹೊಂಗೆಯದರ ಹಾಗೆ ತಣ್ಣಗಿತ್ತು. ಅಜ್ಜಿ ಅದರ ಕೆಳಗೆ ತಮ್ಮ ಒರಗು ಕುರ್ಚಿ ಹಾಕಿಸಿ ಇವರನ್ನು ಕೂರಿಸಿದರು. ಮಕ್ಕಳಿಗೆ ಏನೋ ಹೇಳಿದರು. ಮಕ್ಕಳು ಚೆಲ್ಲಾಪಿಲ್ಲಿಯಾಗಿ ಓಡಿ, ಹುಲ್ಲಿನ ಮೇಲಿನ ಕಾಗದಗಳನ್ನು ಆರಿಸಿ ತಂದು ಇವರ ತೊಡೆಯ ಮೇಲೆ ಸುರಿದರು. ಇವರು ಒಂದೊಂದನ್ನೇ ಬಿಡಿಸಿ, ನಾಲ್ಕಾಗಿ ಮಡಿಸಿ, ಬ್ರೆಡ್ಡಿನ ಬುಟ್ಟಿಯಲ್ಲಿಟ್ಟರು. ಮಡಿಸುತ್ತಾ ಮಡಿಸುತ್ತಾ ಕೈ ನಿಧಾನವಾಯಿತು. ಬೆನ್ನು ಕುರ್ಚಿಗೆ ತಾಗಿತು. ಕತ್ತು ಒಂದು ಕಡೆಗೆ ವಾಲಿತು.

ಹೋದ ವರ್ಷದಿಂದ ಇವರು ಹಗಲಲ್ಲಿ ನಿದ್ದೆ ಮಾಡಿದ್ದನ್ನು ನಾನು ಕಂಡಿರಲಿಲ್ಲ. ಹಸುಗಳ ಕೊರಳ ಗಂಟೆ ದೂರದಿಂದ ಕೇಳುತ್ತಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಬಿಳಿ ಶರ್ಟಿಗೆ ಆಲೂಗಡ್ಡೆ ಮೆತ್ತಿತ್ತು.

ಅದೇ ದಿನ, ಸಂಜೆಯ ಗುಡ್ಡ

ಆ ದೇಶದವರು ಆಗಸ್ಟ್ ಒಂದರ ಸಂಜೆ ಗುಡ್ಡದ ಮೇಲೆ ಬೆಂಕಿ ಹಾಕುತ್ತಾರೆ. ಒಂದು ಗುಡ್ಡದಲ್ಲಿ ಹೊತ್ತಿಸಿದ್ದು ಕಂಡರೆ ಆಚೆ ಗುಡ್ಡದವರು ಹೊತ್ತಿಸುತ್ತಾರೆ. ನಮ್ಮನ್ನು ಟ್ರ್ಯಾಕ್ಟರಿನ ಹಿಂದಿನ ಗಾಡಿಯಲ್ಲಿ ಕೂರಿಸಿ ಮೇಲಕ್ಕೆ ಕರೆದೊಯ್ದರು. ಮಕ್ಕಳ ಕೈಯಲ್ಲಿ ಕಾಗದದ ಲಾಂದ್ರ. ಅಲ್ಲಿ ಬೇಸಿಗೆಯ ಹೊತ್ತು ಬೇಗ ಮುಳುಗುವುದಿಲ್ಲ. ಬೆಂಕಿ ಹೊತ್ತಿಕೊಂಡಾಗಲೂ ಆಕಾಶದಲ್ಲಿ ಬೆಳಕಿತ್ತು.

ಅಜ್ಜಿ ಬುಟ್ಟಿಯನ್ನು ಇವರ ಕೈಗೆ ಕೊಟ್ಟರು. ಇವರು ಎದ್ದು ನಿಂತು, ಮಡಿಸಿದ ಕಾಗದಗಳನ್ನು ಒಂದೊಂದಾಗಿ ಬೆಂಕಿಗೆ ಹಾಕಿದರು. ಯಾರೂ ನಗಲಿಲ್ಲ. ಮೀಸೆಯ ಮನುಷ್ಯ ಹ್ಯಾಟು ತೆಗೆದ. ಮುಗಿದ ಮೇಲೆ ಇವರು ಬಂದು ನನ್ನ ಪಕ್ಕ ಹುಲ್ಲಿನ ಮೇಲೆ ಕಾಲು ಚಾಚಿ ಕೂತರು.

"ಬೆಳಿಗ್ಗೆ ಎಲ್ಲಾ ಓಡ್ಬಂದ್ರು ಅಲ್ವಾ" ಎಂದರು.

"ಹೂಂ."

"ಹೋದ್ವರ್ಷ ನಾನು ಬಿದ್ದಾಗ ಪೂರ್ತಿ ಗಲಾಟೆ ಆಗೋಗಿರ್ಬೇಕು. ಸಾಲೆಲ್ಲ ಚೆದುರಿ ಹುಡುಗ್ರು ಹಿಂಗೇ ಓಡ್ಬಂದಿರ್ತಾರೆ. ಅದನ್ನೇ ನೆನೆಸ್ಕೊಂಡು ವರ್ಷವೆಲ್ಲ ನಾಚಿಕೆ ಕಣೇ ನಂಗೆ."

ಆಗ ನಾನು ಹೇಳಿದೆ. ಮೈದಾನದಲ್ಲಿ ಓಡುವಾಗ ಕಂಡದ್ದನ್ನು, ಒಂದು ಮಾತು ಸೇರಿಸದೆ, ಒಂದು ಮಾತು ಬಿಡದೆ.

"ಸಾಲು ಚೆದುರಲಿಲ್ಲ. ಹುಡುಗರು ಒಬ್ಬರೂ ಅಲ್ಲಾಡಲಿಲ್ಲ. ನೀವು ಬಿದ್ದಿದ್ರಿ. ಮೊದಲನೇ ಸಾಲಿನ ಹುಡುಗೀರ ಕಾಲ ಹತ್ರಾನೇ ಬಿದ್ದಿದ್ರಿ. ಅವರು ಕತ್ತು ಬಗ್ಗಿಸಿ ಕೂಡ ನೋಡಲಿಲ್ಲ. ಕಣ್ಣು ಮಾತ್ರ ಕೆಳಗೆ ಬಂದಿತ್ತು, ನೀರು ಇಳೀತಾ ಇತ್ತು. ಕೈ ಪಕ್ಕಕ್ಕೆ ಹಾಗೇ ಅಂಟಿಸ್ಕೊಂಡು ನಿಂತಿದ್ರು. ನಿಮ್ಮನ್ನ ಜೀಪಿಗೆ ಹಾಕ್ಕೊಂಡು ಹೋಗೋವಾಗ ತಿರುಗಿ ನೋಡಿದೆ, ಆಗಲೂ ನಿಂತೇ ಇದ್ರು."

ಬೆಂಕಿಯಲ್ಲಿ ಒಂದು ಕೊರಡು ಸೀಳಿತು.

"ಒಬ್ರೂ ಬರ್ಲಿಲ್ವಾ?"

"ನೀವು ಹೇಳಿರ್ಲಿಲ್ವಲ್ಲ."

ಹೆಮ್ಮೆ ಪಡುತ್ತಾರೇನೋ ಎಂಬ ಭಯವಿತ್ತು ನನಗೆ. ಅದಕ್ಕೇ ವರ್ಷವಿಡೀ ಹೇಳಿರಲಿಲ್ಲ. ಹೆಮ್ಮೆ ಪಡಲಿಲ್ಲ. ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಕೈ ತೆಗೆದಾಗ ಆಚೆ ಗುಡ್ಡದಲ್ಲೂ ಬೆಂಕಿ ಕಾಣುತ್ತಿತ್ತು, ಅದರಾಚೆಯದರಲ್ಲೂ.

"ಏನ್ ಕಲಿಸ್ದೆ ನಾನು?" ಎಂದರು. ನನ್ನನ್ನು ಕೇಳಿದ್ದಲ್ಲ.

ಇಳಿಯುವಾಗ ಶಾಂತ ನನ್ನ ಕಿವಿಯಲ್ಲಿ ಕೇಳಿದಳು: "ನಾಳೆ ಟಿಕೆಟ್ ಆಫೀಸಿಗೆ ಫೋನ್ ಮಾಡ್ಲಾ ಅಕ್ಕ?"

"ಬೇಡ" ಎಂದೆ. ಧೈರ್ಯದಿಂದ ಹೇಳಿದ್ದಲ್ಲ. ನೆಟ್ಟಗೆ ನಿಲ್ಲಲು ಹೊರಟಿದ್ದ ಮನುಷ್ಯನನ್ನು ತಡೆಯಬೇಕಿತ್ತು. ಈಗ ಅವರು ಹೊರಟಿರುವುದು ಯಾತಕ್ಕೆಂದು ನನಗೆ ಗೊತ್ತಿರಲಿಲ್ಲ. ಆದರೆ ಅದು ಬೇರೆ ಏನೋ ಎನ್ನುವುದು ಗೊತ್ತಿತ್ತು.

ಹಳೇಬೀಡು, ಬಸ್ತಿಹಳ್ಳಿ

ಊರಿಗೆ ಬಂದು ಮೈ ಸುಧಾರಿಸಿಕೊಂಡ ಮೇಲೆ ಒಂದು ಬೆಳಿಗ್ಗೆ "ಹಳೇಬೀಡಿಗೆ ಹೋಗ್ಬರೋಣ ಬಾ" ಎಂದರು. ವರ್ಷಕ್ಕೊಮ್ಮೆ ಶಾಲೆಯ ಮಕ್ಕಳನ್ನು ಬೇಲೂರು, ಹಳೇಬೀಡಿಗೆ ಕರೆದೊಯ್ಯುವುದು ಇವರದೇ ಕೆಲಸ. ಬೇಲೂರಿನ ಶಿಲಾಬಾಲಿಕೆಯರನ್ನು ಬೇರೆ ಮೇಷ್ಟ್ರು ತೋರಿಸುತ್ತಿದ್ದರು. ಹಳೇಬೀಡಿನಲ್ಲಿ ಗೋಡೆಯ ಬುಡದ ಆನೆಯ ಸಾಲು ಇವರ ಪಾಲು. "ನೋಡ್ರಲಾ, ಇದು ಪೆರೇಡ್ ಅಂದ್ರೆ. ಎಷ್ಟು ನೂರು ವರ್ಷ ಆಯ್ತು, ಒಂದಾದ್ರೂ ಸಾಲು ಬಿಟ್ಟೈತಾ?" ಎನ್ನುತ್ತಿದ್ದರು.

ಆ ದಿನ ಮಕ್ಕಳಿಲ್ಲ. ಬಿಸಿಲೂ ಇರಲಿಲ್ಲ, ಮೋಡ. ಇವರು ಆನೆಗಳ ಎದುರು ಕುಕ್ಕರಗಾಲಲ್ಲಿ ಕೂತು, ಒಂದೊಂದನ್ನೇ ನೋಡುತ್ತಾ ಕೂತಲ್ಲೇ ಮುಂದೆ ಸರಿದರು. ಆನೆಗಳ ಮಟ್ಟಕ್ಕೆ ಕಣ್ಣು ಬಂದಿದ್ದು ಅದೇ ಮೊದಲಿರಬೇಕು.

"ಬಾ ಇಲ್ಲಿ. ಇದು ನೋಡು, ಸೊಂಡಿಲಲ್ಲಿ ಮುಂದಿನದನ್ನ ಕೆಣಕ್ತಾ ಐತೆ. ಇದು ಕಾಲು ಎತ್ತೈತೆ. ಇದಕ್ಕೆ ಗಮನವೇ ಇಲ್ಲ, ಏನೋ ತಿಂತಾ ಐತೆ." ನಕ್ಕರು. "ಒಂದೂ ಸಾವಧಾನ್‌ನಲ್ಲಿಲ್ಲ ಕಣೇ."

ಪಕ್ಕದ ಬಸ್ತಿಹಳ್ಳಿಗೆ ನಡೆದು ಹೋದೆವು. ಅಲ್ಲಿನ ಜೈನ ಬಸದಿಗೆ ಜನ ಕಡಿಮೆ. ಕಪ್ಪು ಕಂಬಗಳು ಮುಖ ಕಾಣುವಷ್ಟು ನುಣುಪು. ಇವರು ಒಂದಕ್ಕೆ ಬೆನ್ನು ಕೊಟ್ಟು ಕೂತು ಕಣ್ಣು ಮುಚ್ಚಿದರು. ಕಾವಲಿನವನು ಇಣುಕಿ ನೋಡಿ, "ಏನಕ್ಕಾ, ಮೇಷ್ಟ್ರು ನಿದ್ದೆ ಹೊಡೀತಾವ್ರೆ? ಹುಡುಗ್ರನ್ನ ಕರ್ಕಂಡು ಬಂದಾಗ ಇಲ್ಲಿ ಒಂದು ನೊಣ ಕೂರಕ್ಕೂ ಬಿಡ್ತಿರಲಿಲ್ಲ" ಎಂದ.

"ಭಾನುವಾರ ಕಣಪ್ಪ" ಎಂದೆ.

"ಇವತ್ತು ಗುರುವಾರ ಅಲ್ವಾ?"

"ಅವರಿಗೆ ಭಾನುವಾರ."

ಮೈದಾನ

ಆಗಸ್ಟ್ ಹದಿನೈದರಂದು ಹಿತ್ತಿಲಿನ ಹೂವಿನ ಎಸಳು ಬಿಡಿಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿಕೊಂಡು ಇಬ್ಬರೂ ಮೊದಲ ಬಸ್ಸು ಹತ್ತಿದೆವು. ಸುಣ್ಣದ ಗೆರೆಯನ್ನು ಹೊಸದಾಗಿ ಬಂದಿದ್ದ ಸವಿತ ಎಂಬ ಮೇಡಂ ಎಳೆದಿದ್ದರು. ಗೆರೆ ಅಲ್ಲಲ್ಲಿ ಸೊಟ್ಟಗಿತ್ತು. ಇವರು ನೋಡಿದರು, ಸರಿಪಡಿಸಲು ಹೋಗಲಿಲ್ಲ. ಹೊಂಗೆಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತರು. ಪಕ್ಕದಲ್ಲಿ ನನಗೂ ಒಂದು.

ಬಾವುಟ ಏರಿತು. ಹಗ್ಗ ಎಳೆದಾಗ ಎಸಳು ಉದುರಿದವು. ರಾಷ್ಟ್ರಗೀತೆಗೆ ಎಲ್ಲರೂ ನಿಂತರು, ಇವರೂ ನಿಂತರು. ಬಿದ್ದ ಜಾಗದಲ್ಲಿ ಅಲ್ಲ, ಮರದ ನೆರಳಲ್ಲಿ. ಮುಗಿದ ಮೇಲೆ ಕೂತರು. ಮುಖ್ಯ ಅತಿಥಿಗಳು ಭಾಷಣದ ಹಾಳೆಗಳನ್ನು ಜೋಡಿಸಿಕೊಳ್ಳುತ್ತಿದ್ದರು. ಮಕ್ಕಳು ಬಿಳಿ ಸಮವಸ್ತ್ರದಲ್ಲಿ ಸಾವಧಾನದಲ್ಲಿದ್ದರು.

ಹೆಡ್‌ಮಾಸ್ಟರು ಬಂದರು. "ಸಾರ್, ನಿಮ್ಮ ಕೊನೇ ವರ್ಷ. ಒಂದೇ ಒಂದ್ ಕಮಾಂಡ್ ಕೊಡಿ. ಹುಡುಗ್ರು ಆಸೆಯಿಂದ ಕಾಯ್ತಾವ್ರೆ."

ಇವರು ಮೈಕ್ ಬೇಡವೆಂದರು. ಕುರ್ಚಿಯಿಂದ ಏಳಲಿಲ್ಲ. ಆದರೆ ದನಿ ಮೈದಾನದ ಕೊನೆಯವರೆಗೂ ಹೋಯಿತು.

"ಎಲ್ಲಾ ಕೂತ್ಕಳ್ರಿ."

ಯಾರೂ ಕೂರಲಿಲ್ಲ. ಆ ಮೈದಾನದಲ್ಲಿ ಅಂಥ ಕಮಾಂಡನ್ನು ಯಾರೂ ಕೇಳಿರಲಿಲ್ಲ. ಮಕ್ಕಳು ಕಣ್ಣಿನಲ್ಲೇ ಒಬ್ಬರನ್ನೊಬ್ಬರು ನೋಡಿಕೊಂಡರು. ಅತ್ತ ಅತಿಥಿಗಳು ಹಾಳೆ ಜೋಡಿಸುವುದನ್ನು ಬಿಟ್ಟರು.

"ಕೂತ್ಕಳ್ರಲಾ ಅಂದ್ರೆ!"

ಮುಂದಿನ ಸಾಲಿನ ಒಬ್ಬಳು ತನ್ನ ಲಂಗ ನೋಡಿಕೊಂಡಳು. "ಮಣ್ಣಾಗ್ತದೆ ಸಾ."

"ಆಗ್ಲಿ ಬಿಡೇ, ಒಗೆದ್ರೆ ಹೋಗ್ತದೆ."

ಅವಳು ಕೂತಳು. ಅವಳ ಪಕ್ಕದವಳು ಕೂತಳು. ಆಮೇಲೆ ಸಾಲು ಸಾಲೇ ಕೂತಿತು. ಕೆಲವರು ಚಕ್ಕಳಮಕ್ಕಳ, ಕೆಲವರು ಕಾಲು ಚಾಚಿ, ಹಿಂದಿನವರು ಮುಂದಿನವರನ್ನು ಕೆಣಕುತ್ತಾ. ಅಂಗೈಯ ಬೆಲ್ಲ ಅಲ್ಲೇ ಬಾಯಿಗೆ ಹೋಯಿತು. ಸುಣ್ಣದ ಗೆರೆ ಅವರ ಕೆಳಗೆ ಅಳಿಸಿಹೋಯಿತು.

ಇವರು ಕುರ್ಚಿಯ ಅಂಚಿಗೆ ಸರಿದು ಅವರನ್ನೆಲ್ಲ ಒಮ್ಮೆ ನೋಡಿದರು. ಆಮೇಲೆ ಅದೇ ದನಿಯಲ್ಲಿ, ಆದರೆ ಕಮಾಂಡಿನ ಹಾಗಲ್ಲದೆ, ಹೇಳಿದರು:

"ಇನ್ನೊಂದ್ ಮಾತು. ಯಾರಾದ್ರೂ ಬಿದ್ರೆ ಓಡಿ ಹೋಗ್ರಿ. ಅದಕ್ಕೆ ಯಾರ್ ಅಪ್ಪಣೆನೂ ಬೇಡ."

ಹಿಂದಿನ ವರ್ಷ ಮೊದಲ ಸಾಲಿನಲ್ಲಿ ನಿಂತಿದ್ದ ಹುಡುಗಿಯರು ಈಗ ಹತ್ತನೇ ತರಗತಿ, ಕೊನೆಯ ಸಾಲು. ಅವರಲ್ಲಿ ಒಬ್ಬಳು ಎದ್ದಳು. ಯಾರನ್ನೂ ಕೇಳದೆ ಸಾಲು ಬಿಟ್ಟು, ಕೂತವರ ನಡುವೆ ದಾರಿ ಮಾಡಿಕೊಂಡು, ಓಡಿ ಬಂದಳು. ಅವಳ ಹಿಂದೆ ಇನ್ನೊಬ್ಬಳು. ಆಮೇಲೆ ಲೆಕ್ಕ ಸಿಗಲಿಲ್ಲ. ಹೊಂಗೆಮರದ ಸುತ್ತ ಬಿಳಿ ಬಟ್ಟೆಯ ಗುಂಪು, ಕುರ್ಚಿಯೇ ಕಾಣದ ಹಾಗೆ.

"ನಾನು ಬಿದ್ದಿಲ್ಲ ಕಣ್ರೇ ಈಗ, ಕೂತಿದ್ದೀನಿ!" ಎಂದು ಇವರು ನಡುವಿನಿಂದ ಕೂಗುತ್ತಿದ್ದರು.

"ಹೋದ್ವರ್ಷದ್ದು ಸಾ" ಎಂದಳು ಮೊದಲು ಬಂದವಳು.

ಮಕ್ಕಳ ಬೆನ್ನುಗಳ ಹಿಂದೆ ಇವರು ನನಗೆ ಕಾಣುತ್ತಿರಲಿಲ್ಲ, ಅಂಗಿಯ ಗುಂಡಿಯೂ ಕಾಣುತ್ತಿರಲಿಲ್ಲ. ನಾನು ಕೂತಲ್ಲಿಂದ ಏಳಲಿಲ್ಲ.